‘ಸೆಲ್ಫ್’ ಕೊಟ್ಟ ಮೇಷ್ಟ್ರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ವಿಜ್ಞಾನದ ಮೇಷ್ಟ್ರು ಬೆಂಗಳೂರಿಗೆ ಫೋನ್ ಮಾಡಿದ್ದರು. ಅವರು ನಿವೃತ್ತರಾಗಿ ವರ್ಷಗಳೇ ಆದವು. ಆದರೂ ದನಿಯಲ್ಲಿ ಹೋಂವರ್ಕ್ ಕೇಳುವ ಗತ್ತು ಹಾಗೇ ಇದೆ. ಸಾಫ್ಟ್‌ವೇರ್ ಬಗ್ಗೆ ಬರೆದರೆ ಊರಿನವರು ಯಾರೂ ಓದುವುದಿಲ್ಲ, ಯಾರಾದರೂ ದೊಡ್ಡ ಮನುಷ್ಯನ ಜೀವನ ಬರಿ, ಆದರೆ ಮಕ್ಕಳ ಪಠ್ಯಪುಸ್ತಕದಲ್ಲಿ ಇರುವವರು ಬೇಡ ಎಂದರು. ಒಂದು ದಿನ ಯೋಚಿಸಿ ಚಾರ್ಲ್ಸ್ ಕೆಟರಿಂಗ್ ಎಂಬ ಹೆಸರು ಹೇಳಿದೆ. ಅಮೆರಿಕದಲ್ಲಿ ಒಂದು ನಗರಕ್ಕೆ, ಒಂದು ವಿಶ್ವವಿದ್ಯಾಲಯಕ್ಕೆ, ಒಂದು ಪ್ರಸಿದ್ಧ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಈತನ ಹೆಸರಿದೆ. ನಮ್ಮ ಕಡೆ ಆ ಹೆಸರು ಕೇಳಿದವರು ಕಡಿಮೆ. ಆದರೆ ಆತ ಮಾಡಿಕೊಟ್ಟ ವಸ್ತುವಿನ ಹೆಸರು ನಮ್ಮೂರಿನ ಪ್ರತಿಯೊಬ್ಬ ಟ್ರ್ಯಾಕ್ಟರ್ ಡ್ರೈವರ್ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಅದೇ ‘ಸೆಲ್ಫ್’. ಗಾಡಿಯ ಕೀಲಿ ತಿರುಗಿಸಿದರೆ ಎಂಜಿನ್ ತಾನೇ ಎದ್ದು ನಿಲ್ಲುವಂತೆ ಮಾಡುವ ಸೆಲ್ಫ್ ಸ್ಟಾರ್ಟರ್.

ಈತನ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಎರಡು ಸಲ ಬ್ಯಾಟರಿ ಕೈಕೊಟ್ಟ ಕಾರಣದಿಂದ. ಮೊದಲು ಅವೆರಡನ್ನು ಹೇಳಿ ಮುಂದೆ ಹೋಗುತ್ತೇನೆ.

ಫೈನಲ್ ಪಂದ್ಯವೂ ಚಿಕ್ಕಪ್ಪನ ಟ್ರ್ಯಾಕ್ಟರೂ

2003ರ ಮಾರ್ಚ್ 23, ವಿಶ್ವಕಪ್ ಕ್ರಿಕೆಟ್ ಫೈನಲ್. ನಾನಾಗ ಒಂಬತ್ತನೇ ತರಗತಿ. ಆ ದಿನಗಳಲ್ಲಿ ನಮ್ಮೂರಿಗೆ ಕರೆಂಟ್ ಬರುವುದೇ ಹಬ್ಬದ ಹಾಗೆ. ಆ ತಿಂಗಳೆಲ್ಲ ನಾವು ಹುಡುಗರು ಚಿಕ್ಕಪ್ಪನ ಕಾಲು ಹಿಡಿದು ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿಸಿಕೊಂಡು, ಅದಕ್ಕೆ ಕಪ್ಪು ಬಿಳುಪು ಟಿ.ವಿ. ಮತ್ತು ಒಂದು ಬಲ್ಬು ಸಿಕ್ಕಿಸಿ ಪಂದ್ಯ ನೋಡುತ್ತಿದ್ದೆವು. ಫೈನಲ್ ದಿನವೂ ಅದೇ ಮಾಡಿದೆವು. ಜಗಲಿ ತುಂಬ ಜನ ಕುಳಿತಿದ್ದರು. ನಾವು ಸೋತೆವು. ಮರುದಿನ ಬೆಳಗ್ಗೆ ಟ್ರ್ಯಾಕ್ಟರೂ ಸೋತಿತು. ಚಿಕ್ಕಪ್ಪ ಎಷ್ಟು ಸಲ ಕೀಲಿ ತಿರುಗಿಸಿದರೂ ಸೆಲ್ಫ್ ಎತ್ತಲಿಲ್ಲ. ಹತ್ತು ಹನ್ನೆರಡು ಹುಡುಗರು ಸೇರಿ ಗುಡಿಯ ಇಳಿಜಾರಿನವರೆಗೆ ತಳ್ಳಿಕೊಂಡು ಹೋದೆವು. ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶಾಲೆಯಲ್ಲಿ ಮೇಷ್ಟ್ರಿಗೆ ವಿಷಯ ತಿಳಿದು ಅಂದಿನ ಪಾಠವೇ ಬ್ಯಾಟರಿಯಾಯಿತು. ಓಟದ ಎತ್ತು ಬೇರೆ, ಗಾಣದ ಎತ್ತು ಬೇರೆ ಎಂದು ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಗಾಡಿಯ ಬ್ಯಾಟರಿ ಓಟದ ಎತ್ತು. ಒಳಗೆ ತೆಳುವಾದ ಸೀಸದ ಪ್ಲೇಟುಗಳು ಬಹಳ ಇರುತ್ತವೆ, ಆದ್ದರಿಂದ ಕೆಲವು ಸೆಕೆಂಡು ಭಾರೀ ಕರೆಂಟನ್ನು ಕೊಡಬಲ್ಲದು. ಮನೆಯ ಇನ್ವರ್ಟರ್ ಬ್ಯಾಟರಿ ಗಾಣದ ಎತ್ತು. ಅದರ ಪ್ಲೇಟು ದಪ್ಪ, ಸ್ವಲ್ಪ ಸ್ವಲ್ಪವಾಗಿ ಗಂಟೆಗಟ್ಟಲೆ ಕೊಡುತ್ತದೆ. ಓಟದ ಎತ್ತನ್ನು ಗಾಣಕ್ಕೆ ಕಟ್ಟಿದ್ದು ನಮ್ಮ ತಪ್ಪು.

ಎರಡನೆಯದು 2021ರ ಲಾಕ್‌ಡೌನ್ ಕಾಲದ್ದು. ನಾನು ಊರಿನಿಂದಲೇ ಕೆಲಸ ಮಾಡುತ್ತಿದ್ದೆ, ಕಾರು ಮೂರು ವಾರದಿಂದ ಹುಣಸೆಮರದ ಕೆಳಗೆ ನಿಂತೇ ಇತ್ತು. ಒಂದು ಬೆಳಗಿನ ಜಾವ ಅಪ್ಪನಿಗೆ ಎದೆನೋವು ಬಂತು. ಅವರನ್ನು ಕೂರಿಸಿ ಕೀಲಿ ತಿರುಗಿಸಿದರೆ ಟಿಕ್, ಟಿಕ್, ಅಷ್ಟೇ. ತಳ್ಳಿದರೂ ಏಳಲಿಲ್ಲ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪಿಗೂ ಒಳಗಿನ ಕಂಪ್ಯೂಟರಿಗೂ ಕರೆಂಟೇ ಬೇಕು. ಬ್ಯಾಟರಿ ಪೂರ್ತಿ ಬರಿದಾದರೆ ತಳ್ಳಿ ಪ್ರಯೋಜನವಿಲ್ಲ. ಪಕ್ಕದ ಮನೆಯ ಅಣ್ಣ ಗೂಡ್ಸ್ ಆಟೋ ತಂದ. ಅದರ ಹಿಂದೆ ಹಾಸಿಗೆ ಹಾಕಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ಉಳಿದರು, ಈ ಲೇಖನವನ್ನು ಓದಲೂ ಇದ್ದಾರೆ. ಆದರೆ ಆ ಟಿಕ್ ಟಿಕ್ ಶಬ್ದ ನನ್ನ ಕಿವಿಯಿಂದ ಹೋಗಿಲ್ಲ. ತಪ್ಪು ನನ್ನದೇ. ಹಿಂದಿನ ವರ್ಷ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೆಂದು ಕೇಳಿ, ತಯಾರಾದ ದಿನಾಂಕವನ್ನೂ ನೋಡದೆ ಬ್ಯಾಟರಿ ಹಾಕಿಸಿದ್ದೆ. ಸಾಲದ್ದಕ್ಕೆ ಕಾರು ನಿಂತಾಗಲೂ ಕರೆಂಟ್ ಕುಡಿಯುವ ಒಂದು ಕ್ಯಾಮೆರಾ ಸಿಕ್ಕಿಸಿದ್ದೆ. ಬಿ.ಇ. ಓದಿದವನು ನಾನು.

ಆಮೇಲೆ ಬ್ಯಾಟರಿ ಬಗ್ಗೆ ಓದುತ್ತಾ ಹೋದೆ. ಎಂಜಿನ್ನನ್ನು ಎಬ್ಬಿಸುವ ಕೆಲಸವನ್ನು ಬ್ಯಾಟರಿಗೆ ಕೊಟ್ಟವನು ಯಾರೆಂದು ಹುಡುಕಿದಾಗ ಈ ಮನುಷ್ಯ ಸಿಕ್ಕಿದ. ಈತನೂ ಹಳ್ಳಿಯವನು, ಅದರಲ್ಲೂ ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದವನು.

ಕಣ್ಣು ನೋವಿನ ಹುಡುಗ

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೋ ರಾಜ್ಯದ ಲೌಡನ್‌ವಿಲ್ ಎಂಬ ಸಣ್ಣ ಊರಿನ ಹತ್ತಿರದ ಹೊಲದ ಮನೆಯಲ್ಲಿ. ಐದು ಮಕ್ಕಳಲ್ಲಿ ನಾಲ್ಕನೆಯವನು. ಓದಿನಲ್ಲಿ ಚುರುಕು, ಆದರೆ ದೃಷ್ಟಿ ದುರ್ಬಲ. ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ಕಣ್ಣು ಉರಿದು ತಲೆನೋವು ಬರುತ್ತಿತ್ತು. ಹೈಸ್ಕೂಲು ಮುಗಿಸಿ, ಬಂಕರ್ ಹಿಲ್ ಎಂಬಲ್ಲಿನ ಒಂದೇ ಕೋಣೆಯ ಶಾಲೆಯಲ್ಲಿ ಮೇಷ್ಟ್ರಾದ. ಎಲ್ಲ ತರಗತಿಯ ಮಕ್ಕಳೂ ಒಂದೇ ಕೋಣೆಯಲ್ಲಿ, ಎಲ್ಲ ಪಾಠಕ್ಕೂ ಒಬ್ಬರೇ ಮೇಷ್ಟ್ರು. ನಮ್ಮೂರಿನ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಾಠ ಹೇಳುತ್ತಲೇ ಮುಂದೆ ಓದುವ ಆಸೆ ಬಂತು. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಸೇರಿದ. ಕಣ್ಣು ಬಿಡಲಿಲ್ಲ. ಓದು ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಆತ ಆಶ್‌ಲ್ಯಾಂಡ್ ಎಂಬ ಊರಿನ ಟೆಲಿಫೋನ್ ಕಂಪನಿಯೊಂದರಲ್ಲಿ ಕಂಬ ನೆಡಲು ಗುಂಡಿ ತೋಡುವ ತಂಡಕ್ಕೆ ಸೇರಿಕೊಂಡ. ಬಯಲಿನ ಕೆಲಸದಲ್ಲಿ ಕಣ್ಣಿಗೆ ವಿಶ್ರಾಂತಿ ಸಿಕ್ಕಿತು, ಕೈಗೆ ತಂತಿಯ ಕೆಲಸ ಕೂಡಿತು. ಬೇಗನೆ ತಂಡದ ಮೇಸ್ತ್ರಿಯಾದ. ಮುಂದೆ ಬಾಳಸಂಗಾತಿಯಾದ ಆಲಿವ್ ವಿಲಿಯಮ್ಸ್ ಪರಿಚಯವಾದದ್ದೂ ಅದೇ ಊರಿನಲ್ಲಿ. ಆಮೇಲೆ ಮತ್ತೆ ಕಾಲೇಜಿಗೆ ಹೋದ. ಜೊತೆಯವರು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದರು, ಈತ ಕೇಳಿ ನೆನಪಿಟ್ಟುಕೊಳ್ಳುತ್ತಿದ್ದ. 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಕೈಗೆ ಬಂದಾಗ ವಯಸ್ಸು 27. ಒಂದೆರಡು ವರ್ಷ ಫೇಲಾದರೆ ಬದುಕೇ ಮುಗಿಯಿತೆಂದು ಕೂರುವ ಮಕ್ಕಳು ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ದುಡ್ಡಿನ ಪೆಟ್ಟಿಗೆ ಕಲಿಸಿದ ಪಾಠ

ಮೊದಲ ಕೆಲಸ ಸಿಕ್ಕಿದ್ದು ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಗಳಲ್ಲಿ ಲೆಕ್ಕ ಹಾಕಿ ದುಡ್ಡಿನ ಪೆಟ್ಟಿಗೆ ತೆರೆಯುವ ಯಂತ್ರವನ್ನು ಅವರು ಮಾಡುತ್ತಿದ್ದರು. ಅದನ್ನು ಕೈಯಲ್ಲಿ ತಿರುಗಿಸಬೇಕಿತ್ತು. ಕೆಟರಿಂಗ್ ಅದಕ್ಕೆ ಸಣ್ಣ ವಿದ್ಯುತ್ ಮೋಟರ್ ಕೂರಿಸಿದ. ಇಲ್ಲಿ ಆತ ಕಂಡುಕೊಂಡ ವಿಷಯ ಸರಳ, ಮುಂದಿನದಕ್ಕೆಲ್ಲ ಅದೇ ಬುನಾದಿ. ಬಾವಿಯಿಂದ ನೀರೆತ್ತುವ ಮೋಟರ್ ಗಂಟೆಗಟ್ಟಲೆ ಓಡಬೇಕು, ಬಿಸಿಯಾಗಬಾರದು, ಹಾಗಾಗಿ ದೊಡ್ಡದಿರಬೇಕು. ದುಡ್ಡಿನ ಪೆಟ್ಟಿಗೆಯ ಮೋಟರ್ ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು, ಆಮೇಲೆ ಗಿರಾಕಿ ಬರುವವರೆಗೂ ವಿಶ್ರಾಂತಿ. ಕ್ಷಣದ ಕೆಲಸವಾದರೆ ಸಣ್ಣ ಮೋಟರಿನಿಂದಲೂ ಅದರ ಗಾತ್ರಕ್ಕೆ ಮೀರಿದ ಬಲ ತೆಗೆಯಬಹುದು.

ಅದೇ ಕಂಪನಿಯಲ್ಲಿದ್ದ ಎಡ್ವರ್ಡ್ ಡೀಡ್ಸ್ ಈತನ ಗೆಳೆಯನಾದ. ಡೀಡ್ಸ್ ಮನೆಯ ಹಿತ್ತಲಿನಲ್ಲಿ ಒಂದು ಕೊಟ್ಟಿಗೆ ಇತ್ತು. ಹಗಲು ಕಂಪನಿಯ ಕೆಲಸ, ರಾತ್ರಿ ಮತ್ತು ರಜಾದಿನ ಕೊಟ್ಟಿಗೆಯಲ್ಲಿ ಕಾರಿನ ವಿದ್ಯುತ್ ಭಾಗಗಳ ಪ್ರಯೋಗ. ಕಂಪನಿಯ ಇನ್ನೂ ಕೆಲವರು ಕೂಡಿಕೊಂಡರು. 1909ರಲ್ಲಿ ಕೆಟರಿಂಗ್ ಸಂಬಳದ ಕೆಲಸ ಬಿಟ್ಟು, ಗೆಳೆಯರೊಂದಿಗೆ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಕಟ್ಟಿದ. ಅದರ ಮೊದಲಕ್ಷರಗಳನ್ನು ಸೇರಿಸಿದರೆ ಡೆಲ್ಕೊ. ಎಂಜಿನ್ನಿಗೆ ಕಿಡಿ ಕೊಡುವ ಅವರ ಹೊಸ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರು ಕಂಪನಿ ಕೊಂಡಿತು.

ಕೈ ಮುರಿಯುವ ಹ್ಯಾಂಡಲ್

ಆ ಕಾಲದ ಕಾರಿನ ಮುಂದೆ ಕಬ್ಬಿಣದ ಹ್ಯಾಂಡಲ್ ಇರುತ್ತಿತ್ತು. ನಮ್ಮ ಕಡೆಯೂ ಹಳೆಯ ಜೀಪು, ಲಾರಿಗಳಿಗೆ ಹ್ಯಾಂಡಲ್ ಹೊಡೆದ ಹಿರಿಯರು ಇದ್ದಾರೆ. ಎಂಜಿನ್ ತಪ್ಪು ಹೊತ್ತಿನಲ್ಲಿ ಹತ್ತಿಕೊಂಡರೆ ಹ್ಯಾಂಡಲ್ ಹಿಮ್ಮುಖವಾಗಿ ಬಡಿಯುತ್ತಿತ್ತು. ಮಣಿಕಟ್ಟು, ಮೊಣಕೈ, ದವಡೆ ಮುರಿಯುತ್ತಿದ್ದವು. ದಾರಿಯಲ್ಲಿ ಕಾರು ನಿಂತುಹೋಗಿದ್ದ ಹೆಂಗಸೊಬ್ಬರಿಗೆ ನೆರವಾಗಲು ಹೋದ ಬೈರನ್ ಕಾರ್ಟರ್ ಎಂಬ ಕಾರು ತಯಾರಕನಿಗೆ ಹ್ಯಾಂಡಲ್ ಬಡಿದು, ಆ ಪೆಟ್ಟಿನ ನಂತರ ಆತ ತೀರಿಕೊಂಡ. ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಇದರಿಂದ ನೊಂದು ಹ್ಯಾಂಡಲ್ ಇಲ್ಲದ ಕಾರು ಮಾಡಲು ಹಟ ಹಿಡಿದ ಎಂಬ ಕಥೆ ವಾಹನ ಉದ್ಯಮದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಆ ಹಟ ಕೊನೆಗೆ ಡೇಟನ್ನಿನ ಕೊಟ್ಟಿಗೆಯ ಬಾಗಿಲಿಗೆ ಬಂತು.

ಎಂಜಿನ್ ತಿರುಗಿಸಬಲ್ಲ ಮೋಟರ್ ಎಂಜಿನ್ನಿನಷ್ಟೇ ದೊಡ್ಡದಾಗುತ್ತದೆ, ಕಾರಿನಲ್ಲಿ ಕೂರುವುದಿಲ್ಲ ಎಂಬುದು ತಿಳಿದವರ ಅಭಿಪ್ರಾಯವಾಗಿತ್ತು. ಕೆಟರಿಂಗ್‌ಗೆ ದುಡ್ಡಿನ ಪೆಟ್ಟಿಗೆ ನೆನಪಾಯಿತು. ಸ್ಟಾರ್ಟರ್ ದಿನವಿಡೀ ತಿರುಗಬೇಕಿಲ್ಲ, ಎರಡು ಮೂರು ಸೆಕೆಂಡು ತಿರುಗಿದರೆ ಸಾಕು. ಆ ಮೋಟರಿಗೆ ಕರೆಂಟ್ ಕೊಡಲು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲೇ ಕಂಡುಹಿಡಿದಿದ್ದ ಸೀಸ ಮತ್ತು ಆಮ್ಲದ ಬ್ಯಾಟರಿ ಇತ್ತು. ಆದರೆ ಕೊಡುತ್ತಾ ಹೋದರೆ ಬ್ಯಾಟರಿ ಬರಿದಾಗುತ್ತದೆ. ಇದಕ್ಕೆ ಕೆಟರಿಂಗ್ ಕಂಡುಕೊಂಡ ದಾರಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಎಂಜಿನ್ ಎದ್ದ ಮೇಲೆ ಅದೇ ಮೋಟರನ್ನು ಎಂಜಿನ್ ತಿರುಗಿಸಲಿ, ಆಗ ಮೋಟರೇ ಡೈನಮೋ ಆಗಿ ಬ್ಯಾಟರಿಯಿಂದ ಪಡೆದದ್ದನ್ನು ಬ್ಯಾಟರಿಗೆ ತುಂಬಲಿ. ಸಾಲ ಪಡೆದು ಎದ್ದವನು ದುಡಿದು ಸಾಲ ತೀರಿಸುವ ಹಾಗೆ.

1911ರ ಫೆಬ್ರವರಿಯಲ್ಲಿ ಮೊದಲ ಸ್ಟಾರ್ಟರ್ ಕೆಲಸ ಮಾಡಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳೆಲ್ಲ ಸೆಲ್ಫ್ ಜೊತೆಗೇ ಬಂದವು, ಅದರೊಂದಿಗೆ ವಿದ್ಯುತ್ ದೀಪವೂ ಬಂತು. ಇದಕ್ಕಾಗಿ ಕ್ಯಾಡಿಲಾಕ್‌ಗೆ ಇಂಗ್ಲೆಂಡಿನ ಪ್ರತಿಷ್ಠಿತ ಡ್ಯೂವರ್ ಟ್ರೋಫಿ ಸಿಕ್ಕಿತು. 1915ರಲ್ಲಿ ಕೆಟರಿಂಗ್‌ಗೆ ಪೇಟೆಂಟ್ ದೊರೆಯಿತು. ಬಡವರ ಕಾರೆನಿಸಿದ್ದ ಫೋರ್ಡ್ ಮಾಡೆಲ್ ಟಿ.ಗೂ 1919ರಲ್ಲಿ ಸೆಲ್ಫ್ ಬಂತು. ತೋಳ್ಬಲವಿದ್ದವರಿಗೆ ಮಾತ್ರ ಎಂಬಂತಿದ್ದ ಪೆಟ್ರೋಲ್ ಕಾರನ್ನು ಹೆಂಗಸರೂ ವಯಸ್ಸಾದವರೂ ಒಬ್ಬರೇ ಹತ್ತಿ ಓಡಿಸುವ ಹಾಗಾಯಿತು. ಇಂದು ನಮ್ಮೂರಿನ ಹೆಣ್ಣುಮಕ್ಕಳು ಸ್ಕೂಟರಿನ ಗುಂಡಿ ಒತ್ತಿ ಕಾಲೇಜಿಗೆ ಹೋಗುವುದರ ಹಿಂದೆಯೂ ಆ ಕೊಟ್ಟಿಗೆಯಿದೆ.

ಪೆಟ್ಟಿಗೆಯೊಳಗಿನ ಸೀಸ, ಗಾಳಿಯ ಸೀಸ

ಮುಂದೆ ಡೆಲ್ಕೊ ಜನರಲ್ ಮೋಟರ್ಸ್‌ಗೆ ಸೇರಿತು. 1920ರಿಂದ 1947ರವರೆಗೆ ಕೆಟರಿಂಗ್ ಆ ದೊಡ್ಡ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥ. ಬೇಗ ಒಣಗುವ ಕಾರಿನ ಬಣ್ಣ, ರೈಲಿಗೆ ಹಗುರವಾದ ಡೀಸೆಲ್ ಎಂಜಿನ್ ಹೀಗೆ ಬಹಳ ಕೆಲಸಗಳು ಆತನ ತಂಡದಿಂದ ಬಂದವು. ಅದಕ್ಕೂ ಮೊದಲು, 1916ರಲ್ಲಿ ಕರೆಂಟ್ ಇಲ್ಲದ ಹೊಲದ ಮನೆಗಳಿಗಾಗಿ ಸಣ್ಣ ಎಂಜಿನ್, ಡೈನಮೋ ಮತ್ತು ಬ್ಯಾಟರಿ ಸಾಲು ಸೇರಿಸಿ ಡೆಲ್ಕೊ ಲೈಟ್ ಎಂಬ ದೀಪದ ಯಂತ್ರ ಹೊರತಂದಿದ್ದ. ಸೋಲೂ ಕಂಡ. ನೀರಿನ ಬದಲು ತಾಮ್ರದ ರೆಕ್ಕೆಗಳಿಂದ ಗಾಳಿಯಲ್ಲೇ ತಣಿಯುವ ಎಂಜಿನ್ ಮಾಡಲು ಹೋಗಿ 1923ರಲ್ಲಿ ಕಂಪನಿ ಆ ಕಾರುಗಳನ್ನು ವಾಪಸ್ ಪಡೆಯಬೇಕಾಯಿತು. ನೊಂದು ರಾಜೀನಾಮೆಗೆ ಮುಂದಾದವನನ್ನು ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಉಳಿಸಿಕೊಂಡ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಬರೆದಂತಾಗುತ್ತದೆ. ಎಂಜಿನ್ನಿನಲ್ಲಿ ಪೆಟ್ರೋಲ್ ಬಡಿದುಕೊಂಡು ಉರಿಯುವ ತೊಂದರೆ ಆಗ ದೊಡ್ಡದಾಗಿತ್ತು. 1921ರಲ್ಲಿ ಕೆಟರಿಂಗ್ ಕೈಕೆಳಗಿನ ಥಾಮಸ್ ಮಿಡ್ಜ್‌ಲಿ ಅದಕ್ಕೆ ಮದ್ದು ಕಂಡುಹಿಡಿದ. ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುವುದೇ ಆ ಮದ್ದು. 1923ರಲ್ಲಿ ಡೇಟನ್ನಿನಲ್ಲೇ ಮಾರಾಟ ಆರಂಭವಾಯಿತು. ಅದನ್ನು ಮಾರಲು ಕಟ್ಟಿದ ಕಂಪನಿಗೆ ಕೆಟರಿಂಗ್ ಮೊದಲ ಅಧ್ಯಕ್ಷ. ಸೀಸ ವಿಷವೆಂಬುದು ಗೊತ್ತಿಲ್ಲದ ವಿಷಯವಲ್ಲ. ಸ್ವತಃ ಮಿಡ್ಜ್‌ಲಿ ಸೀಸದ ವಿಷದಿಂದ ಕಾಯಿಲೆ ಬಿದ್ದ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲ ಶುದ್ಧೀಕರಣ ಘಟಕದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಮತಿಭ್ರಮೆಗೊಂಡು ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮುಂತಾದವರು ಎಚ್ಚರಿಸಿದರು. 1925ರಲ್ಲಿ ಮಾರಾಟ ಕೆಲಕಾಲ ನಿಂತಿತು, ವಿಚಾರಣೆ ನಡೆಯಿತು, ಮರುವರ್ಷ ಮತ್ತೆ ಶುರುವಾಯಿತು. ಕೆಟರಿಂಗ್ ಉದ್ಯಮದ ಪರವಾಗಿಯೇ ನಿಂತ. ಮುಂದಿನ ದಶಕಗಳಲ್ಲಿ ಲೋಕದ ಮೂಲೆಮೂಲೆಯ ಗಾಳಿಗೆ ಸೀಸ ಬೆರೆಯಿತು, ಮಕ್ಕಳ ರಕ್ತಕ್ಕೂ ಸೇರಿತು. ಅದು ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಲೋಕದಲ್ಲಿ ಕಡೆಯದಾಗಿ ಅಲ್ಜೀರಿಯಾದ ಬಂಕುಗಳಲ್ಲಿ ನಿಂತದ್ದು 2021ರಲ್ಲಿ, ನನ್ನ ಕಾರು ನಿಂತ ವರ್ಷದಲ್ಲೇ.

ಒಂದೇ ಸೀಸ. ಬ್ಯಾಟರಿಯಲ್ಲಿ ಅದು ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ, ಹಳೆಯದಾದ ಮೇಲೆ ವಾಪಸ್ ಹೋಗಿ ಮತ್ತೆ ಬ್ಯಾಟರಿಯಾಗಬಹುದು. ಪೆಟ್ರೋಲಿನಲ್ಲಿ ಅದು ಹೊಗೆಯಾಗಿ ಹೋಯಿತು, ಯಾರೂ ವಾಪಸ್ ತರಲಾರರು. ಕೊಟ್ಟದ್ದು ವಾಪಸ್ ತುಂಬಬೇಕು ಎಂದು ಬ್ಯಾಟರಿಯ ವಿಷಯದಲ್ಲಿ ಅಷ್ಟು ಚೆನ್ನಾಗಿ ಅರಿತವನು ಪೆಟ್ರೋಲಿನ ವಿಷಯದಲ್ಲಿ ಆ ಪ್ರಶ್ನೆಗೆ ಕಿವಿಗೊಡಲಿಲ್ಲ. ಕೆಲಸ ಆದ ಮೇಲೆ ಈ ವಸ್ತು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಶಾಲೆಯ ಮಕ್ಕಳು ಮೊದಲೇ ಕೇಳುವಂತಾಗಲಿ.

ಕಡೆಯ ವರ್ಷಗಳಲ್ಲಿ ಕೆಟರಿಂಗ್ ತನ್ನ ಸಂಪತ್ತನ್ನು ಶಿಕ್ಷಣಕ್ಕೂ ಸಂಶೋಧನೆಗೂ ಕೊಟ್ಟ. ಎಲೆ ಬಿಸಿಲನ್ನು ಆಹಾರವಾಗಿಸುವ ಬಗೆಯನ್ನು ಅರಿಯಲು ಸಂಶೋಧನೆ ನಡೆಸಿದ. ಕ್ಯಾನ್ಸರ್ ಸಂಶೋಧನೆಗಾಗಿ ನ್ಯೂಯಾರ್ಕಿನಲ್ಲಿ 1945ರಲ್ಲಿ ಸ್ಲೋನ್-ಕೆಟರಿಂಗ್ ಸಂಸ್ಥೆ ಆರಂಭವಾಯಿತು. ಮರುವರ್ಷ ಪತ್ನಿ ಆಲಿವ್ ತೀರಿಕೊಂಡರು. 1958ರ ನವೆಂಬರ್ 25ರಂದು, 82ನೇ ವಯಸ್ಸಿನಲ್ಲಿ ಕೆಟರಿಂಗ್ ನಿಧನನಾದ. ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು.

ಬ್ಯಾಟರಿ ಬದಲಿಸುವವರಿಗೆ ನಾಲ್ಕು ಮಾತು

ಈ ಜೀವನದಿಂದ ನಮ್ಮ ದಿನನಿತ್ಯಕ್ಕೆ ಏನು ಬಂತು ಎಂದು ಅಪ್ಪ ಕೇಳಿದರು. ಅದಕ್ಕೇ ಈ ಭಾಗ.

ಒಂದು ಲೆಕ್ಕ ನೋಡಿ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 150 ಆಂಪಿಯರ್ ಕರೆಂಟನ್ನು 3 ಸೆಕೆಂಡು ಎಳೆಯಿತು ಎಂದುಕೊಳ್ಳೋಣ. ಅದು ಒಂದು ಆಂಪಿಯರ್-ಗಂಟೆಯ ಎಂಟನೇ ಒಂದು ಭಾಗ ಮಾತ್ರ. 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ಸೇರಿನಲ್ಲಿ ಒಂದು ಚಿಟಿಕೆ. ಆದರೆ ಹೆಡ್‌ಲೈಟ್ ಆರಿಸಲು ಮರೆತರೆ ಗಂಟೆಗೆ 9 ಆಂಪಿಯರ್-ಗಂಟೆ ಹೋಗುತ್ತದೆ, ನಾಲ್ಕೇ ಗಂಟೆಯಲ್ಲಿ ಖಾಲಿ. ಕಾರು ಸುಮ್ಮನೆ ನಿಂತಾಗಲೂ ಅಲಾರಂ, ಗಡಿಯಾರ, ಕಂಪ್ಯೂಟರ್ ಸ್ವಲ್ಪ ಕುಡಿಯುತ್ತವೆ. ಅದು 50 ಮಿಲಿ ಆಂಪಿಯರ್ ಇದ್ದರೂ ದಿನಕ್ಕೆ 1.2 ಆಂಪಿಯರ್-ಗಂಟೆ, ಎರಡು ವಾರಕ್ಕೆ ಅರ್ಧ ಬ್ಯಾಟರಿ. ನನ್ನ ಕಾರಿಗೆ ಆದದ್ದು ಇದೇ. ಸೆಲ್ಫ್ ಬ್ಯಾಟರಿಯನ್ನು ಕೊಲ್ಲುವುದಿಲ್ಲ, ಬರಿದಾಗಿ ನಿಲ್ಲಿಸುವುದು ಕೊಲ್ಲುತ್ತದೆ. ಬರಿದಾದ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತರೆ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಗಾಡಿ ಓಡಿಸಿ. ಹೆಚ್ಚು ದಿನ ನಿಲ್ಲಿಸುವುದಾದರೆ ನೆಗೆಟಿವ್ ತಂತಿ ಬಿಚ್ಚಿಡಿ.

ಸೆಲ್ಫ್ ಎತ್ತದಿದ್ದರೆ ಕೂಡಲೇ ಹೊಸ ಬ್ಯಾಟರಿ ಕೊಳ್ಳಬೇಡಿ. ಮೊದಲು ಟರ್ಮಿನಲ್ ಸಡಿಲವಾಗಿದೆಯೇ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಿ. ಮೀಟರ್ ಇಟ್ಟು ಅಳೆಸಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ, 12ಕ್ಕಿಂತ ಕೆಳಗಾದರೆ ಬರಿದು. ಎಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. ಬಾರದಿದ್ದರೆ ಡೈನಮೋದಲ್ಲಿ ದೋಷ, ಹೊಸ ಬ್ಯಾಟರಿ ಹಾಕಿದರೂ ಮತ್ತೆ ಬರಿದಾಗುತ್ತದೆ.

ಕೊಳ್ಳುವುದೇ ಆದರೆ ಕಾರಿನ ಕೈಪಿಡಿ ತೆರೆದು ನೋಡಿ. ಆಂಪಿಯರ್-ಗಂಟೆ, ಪೆಟ್ಟಿಗೆಯ ಉದ್ದ ಅಗಲ, ಪಾಸಿಟಿವ್ ಟರ್ಮಿನಲ್ ಎಡಕ್ಕೋ ಬಲಕ್ಕೋ, ಈ ಮೂರೂ ಹಳೆಯದಕ್ಕೆ ಹೊಂದಬೇಕು. ಟರ್ಮಿನಲ್ ತಿರುಗುಮುರುಗಾದರೆ ತಂತಿ ಎಟುಕುವುದಿಲ್ಲ, ಅಥವಾ ಅವಸರದಲ್ಲಿ ಉಲ್ಟಾ ಕೊಟ್ಟು ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ಡೀಸೆಲ್ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕು, ಅದಕ್ಕೆ ಪೆಟ್ರೋಲ್ ಕಾರಿನ ಸಣ್ಣ ಬ್ಯಾಟರಿ ಸಾಲದು. ಸಿಗ್ನಲ್‌ನಲ್ಲಿ ತಾನೇ ನಿಂತು ತಾನೇ ಏಳುವ ಕಾರುಗಳಿಗೆ ಅದಕ್ಕೆಂದೇ ಮಾಡಿದ ಇ.ಎಫ್.ಬಿ. ಅಥವಾ ಎ.ಜಿ.ಎಂ. ಬಗೆಯದೇ ಬೇಕು. ತಯಾರಾದ ತಿಂಗಳು ಕೇಳಿ ತಿಳಿಯಿರಿ. ಅಂಗಡಿಯಲ್ಲಿ ಬಹಳ ದಿನ ಕೂತದ್ದು ಬೇಡ. ವಾರಂಟಿಯಲ್ಲಿ ಎಷ್ಟು ತಿಂಗಳು ಪೂರ್ತಿ ಉಚಿತ ಬದಲಾವಣೆ, ಎಷ್ಟು ತಿಂಗಳು ಬೆಲೆಯಲ್ಲಿ ರಿಯಾಯಿತಿ ಮಾತ್ರ ಎಂದು ಬೇರೆಬೇರೆಯಾಗಿ ಕೇಳಿ, ಕಾರ್ಡಿಗೆ ಸೀಲು ಹಾಕಿಸಿ.

ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಮೊದಲು ಪಾಸಿಟಿವ್. ಆಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೀಡಿ ಬೇಡ. ಟರ್ಮಿನಲ್ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಿ. ನೀರು ತುಂಬುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಉಪ್ಪು ಪ್ಲೇಟನ್ನು ತಿನ್ನುತ್ತದೆ. ಹಿಡಿದಿಡುವ ಕ್ಲ್ಯಾಂಪ್ ಬಿಗಿಯಾಗಿರಲಿ, ನಮ್ಮೂರ ರಸ್ತೆಯ ಕುಲುಕಾಟಕ್ಕೆ ಪ್ಲೇಟು ಉದುರುತ್ತವೆ. ಬಿಸಿಲಿಗಿಂತ ನೆರಳು ಒಳ್ಳೆಯದು, ಸೆಕೆ ಬ್ಯಾಟರಿಯ ಆಯುಷ್ಯ ಕಡಿಮೆ ಮಾಡುತ್ತದೆ.

ಹಳೆಯ ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡಿ. ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಹಳೆಯದನ್ನು ವಾಪಸ್ ಪಡೆದು ಸರಿಯಾಗಿ ಮರುಬಳಕೆಗೆ ಕಳಿಸಬೇಕೆಂದು 2001ರಿಂದಲೇ ದೇಶದಲ್ಲಿ ನಿಯಮವಿದೆ, 2022ರಲ್ಲಿ ಅದು ಇನ್ನೂ ಬಿಗಿಯಾಗಿದೆ. ಸೀಸಕ್ಕಾಗಿ ಹಿತ್ತಲಲ್ಲಿ ಒಡೆದು, ಆಮ್ಲವನ್ನು ಮಣ್ಣಿಗೆ ಸುರಿದು ಕರಗಿಸುವವರಿಗೆ ದಯವಿಟ್ಟು ಮಾರಬೇಡಿ. ಆ ಹೊಗೆ ಮೊದಲು ಹೋಗುವುದು ಅಲ್ಲೇ ಆಡುವ ಮಕ್ಕಳ ಮೂಗಿಗೆ.

ಮುಗಿಸುವ ಮುನ್ನ

ಒಂದೇ ಕೋಣೆಯ ಶಾಲೆಯ ಮೇಷ್ಟ್ರೊಬ್ಬರು ಲೋಕಕ್ಕೆ ಸೆಲ್ಫ್ ಕೊಟ್ಟರು. ನಮ್ಮ ಶಾಲೆ ಶುರುವಾದಾಗಲೂ ಇಷ್ಟು ಕೋಣೆಗಳಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹೈಸ್ಕೂಲಿನ ಮೂರು ವರ್ಷ ನಮ್ಮ ಬದುಕಿನ ಉದ್ದಕ್ಕೆ ಹೋಲಿಸಿದರೆ ಸೆಲ್ಫ್ ತಿರುಗುವ ಮೂರು ಸೆಕೆಂಡಿನ ಹಾಗೆ. ಅದಿಲ್ಲದಿದ್ದರೆ ನನ್ನಂಥವರ ಗಾಡಿ ಹುಣಸೆಮರದ ಕೆಳಗೇ ನಿಂತಿರುತ್ತಿತ್ತು. ಎಂಜಿನ್ ಎದ್ದ ಮೇಲೆ ನಾವು ಓಡುತ್ತಾ ಬೆಂಗಳೂರು, ಪುಣೆ, ಅಮೆರಿಕ ಸೇರಿದೆವು. ಪಡೆದದ್ದನ್ನು ವಾಪಸ್ ತುಂಬುವುದನ್ನು ಮರೆತೆವೇನೋ.

ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಹಳೆಯ ಸ್ಟಾರ್ಟರ್ ಮೋಟರ್, ಒಂದು ಡೈನಮೋ, ಒಂದು ಹೊಸ ಬ್ಯಾಟರಿ ಮತ್ತು ಒಂದು ಮೀಟರನ್ನು ನಮ್ಮ ತಂಡದವರು ಸೇರಿ ಕೊಡುತ್ತಿದ್ದೇವೆ. ಮಕ್ಕಳು ಬಿಚ್ಚಿ, ಜೋಡಿಸಿ, ಅಳೆದು ನೋಡಲಿ. ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡುವ ಹೊಣೆಯನ್ನು ಒಂಬತ್ತನೇ ತರಗತಿಗೆ ವಹಿಸಬೇಕೆಂದು ಮೇಷ್ಟ್ರಲ್ಲಿ ಕೇಳಿಕೊಂಡಿದ್ದೇನೆ. ಅದನ್ನು ಟಿ.ವಿ. ನೋಡಲು ಒಯ್ಯಬಾರದೆಂದೂ ಹೇಳಿದ್ದೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು (2003–04ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ)